ನಾಳೆ ನಸುಕಿಗೆ

ವರ್ಷವಿಡೀ ಕಂಡವರನ್ನೆಲ್ಲ ಏರ್‌ಪೋರ್ಟಿಗೆ ಬಿಟ್ಟ ಗಾಡಿ
ಇವತ್ತು ಲಗ್ಗೆರೆಯ ಓಣಿಯಲ್ಲಿ ನಮಗೆಂದೇ ನಿಂತಿದೆ.
ಇವರು ಬಾನೆಟ್ಟಿನೊಳಗೆ ತಲೆಯಿಟ್ಟು
ಕೂಲೆಂಟು ಸುರಿಯುತ್ತಿದ್ದಾರೆ, ಮಾತಿಲ್ಲ.

ಡಿಕ್ಕಿಯಲ್ಲಿ ಅರ್ಧ ಜಾಗ ಗ್ಯಾಸ್ ಸಿಲಿಂಡರಿನದು.
ಉಳಿದರ್ಧದಲ್ಲಿ ಚಂದ್ರಮ್ಮತ್ತಿಗೆಗೆ ಕುಕ್ಕರು,
ಹೇಗಿಟ್ಟರೂ ಕೂರದ ಒಂದು ಚಾಪೆ.

ಹಿಂದಿನ ಸೀಟು ಒರೆಸುವಾಗ ಸಂದಿಯಲ್ಲಿ ಸಿಕ್ಕವು
ಒಂಟಿ ಓಲೆ, ಎರಡು ರೂಪಾಯಿ,
ಹಾಲುಹಲ್ಲಿನಷ್ಟು ಸಣ್ಣದೊಂದು ಗುಂಡಿ.
ಯಾರ್ಯಾರೋ ಅತ್ತಿರಬೇಕು ಇಲ್ಲಿ, ನಿದ್ದೆ ಹೋಗಿರಬೇಕು.
ಓಲೆಯನ್ನು ಡ್ಯಾಶ್‌ಬೋರ್ಡಿನ ದೇವರ ಪಕ್ಕ ಇಟ್ಟೆ,
ಕೇಳಿಕೊಂಡು ಬಂದರೆ ಇರಲಿ.

ರಾತ್ರಿ ಹನ್ನೊಂದು.
ಲಿಂಗಸುಗೂರು ಎಷ್ಟು ಹೊತ್ತಿಗೆ ಅಂದರೆ
ನೆಲಮಂಗಲ ದಾಟಿದ ಮೇಲೆ ಕೇಳು ಅನ್ನುತ್ತಾರೆ.
ಸ್ಫೂರ್ತಿ ಹೋಗಿ ಹಿಂದೆ ಕೂತು ಬಾಗಿಲೆಳೆದುಕೊಂಡಳು.
ಸ್ಟೇರಿಂಗ್ ಮುಂದೆ ಕೂತ ಇವರು, ನಗದೆ,
"ಓಟಿಪಿ ಹೇಳಿ ಮೇಡಂ."
ಅವಳು ತಾನು ಹುಟ್ಟಿದ ತಾರೀಕು ಹೇಳಿದಳು.

ಹಿಂದಿನ ಬಾಗಿಲಿಗೆ ಕೈಹಾಕಿದವಳು
ತಡೆದು, ಮುಂದೆ ಹೋದೆ.
ಸೀಟು ಪೂರಾ ಮುಂದಕ್ಕಿತ್ತು,
ಹಿಂದೆ ಕೂರುವವರ ಕಾಲಿಗೆ ಜಾಗ ಬೇಕಲ್ಲ.
ಇವರೇ ಬಗ್ಗಿ, ಕೈಚಾಚಿ, ಹಿಂದಕ್ಕೆ ತಳ್ಳಿದರು.
ಕಾಲು ನೀಡಲು ನನಗೆ
ಸ್ವಲ್ಪ ಹೊತ್ತು ಬೇಕಾಯಿತು.