ಲಾಭ

ನಾಲ್ಕು ಗ್ರಾಂ ಕಾಸ್ಟಿಕ್ ಸೋಡಾ
ಇನ್ನೂರೈವತ್ತು ಮಿಲಿಲೀಟರ್ ದ್ರಾವಣವಾಗಿ
ಜಗದೇವಿಯ ಉತ್ತರ ಪತ್ರಿಕೆಯಲ್ಲಿ
0.0004 ಅಂತ ಕೂತಿತ್ತು.
ಮುಂದೆ ಏನೂ ಇಲ್ಲ. ಬರೀ ಕಾಗದ.

'ಏನು 0.0004?
ಮೋಲೋ, ಮೆಣಸಿನಕಾಯೋ?'
ಕ್ಲಾಸು ನಕ್ಕಿತು. ಅವಳು ನಗಲಿಲ್ಲ.
ಸೊನ್ನೆ ಹಾಕಿದೆ, ದುಂಡಗೆ.

ಶನಿವಾರ ಗಂಜಿನ ಗೇಟಿನ ಬಳಿ
ಅದೇ ಹುಡುಗಿ, ಗೋಣಿತಟ್ಟಿನ ಮೇಲೆ.
ಲಾರಿ ಸುರಿಸಿಹೋದ ತೊಗರಿ
ಗುಡಿಸಿ, ಕೇರಿ, ಹಸನು ಮಾಡಿ
ಮಾರುತ್ತಾಳೆ ಅವಳ ಆಯಿ, ಗುರುಬಸಮ್ಮ.
ಹಿತ್ತಾಳೆ ಸೇರೊಂದು, ತಗಡಿನದೊಂದು.
'ಇದು ಆಳಂದದ್ದು, ಇದು ಇಲ್ಲೀದು,
ಎರಡಕ್ಕೂ ಒಂದು ಹಿಡಿ ಫರಕ್ ಅದ.
ಜ್ವಾಳದ ಸೇರು ಒಂದು ತೂಕ,
ತೊಗರಿ ಸೇರು ಇನ್ನೊಂದು ತೂಕ,
ಕಿಲೋ ಕೇಳಿದೋರಿಗಿ ಬೆರಳಾಗೇ ಲೆಕ್ಕ.'

ನಾನು ಮೂರು ಪೀರಿಯಡ್ ಸುಣ್ಣ ತೇದು
ಹೇಳಿದ್ದೂ ಹೆಚ್ಚುಕಡಿಮೆ ಇದೇ.

'ಹುಡುಗಿಗ್ಯಾಕ ಸೊನ್ನಿ ಕೊಟ್ರಿ, ಸರ?'
'ಯುನಿಟ್ ಬರೀಲಿಲ್ಲ, ಆಯಿ.'
'ಹೌದ್ ಬಿಡ್ರಿ. ಹೆಸರಿಲ್ಲದ ಅಳತಿ
ಯಾರ ಮನ್ಯಾಂದು?'

ಪುಡಿಕೆಯ ಕಾಗದದ ಮೇಲೆ ಬರೆದು ತೋರಿಸಿದೆ:
ಮೇಲೆ ಸಾವಿರ ಮಿಲಿಲೀಟರ್,
ಕೆಳಗೆ ಒಂದು ಲೀಟರ್.
ನಡುವೆ ಗೆರೆ. ಇದರ ಬೆಲೆ ಒಂದು.
ಒಂದರಿಂದ ಗುಣಿಸು, ಹೆದರಬೇಡ:
ಸೋಡಾ ಕರಗಿದಷ್ಟೇ ಇರುತ್ತದೆ,
ನೀರು ಇದ್ದಷ್ಟೇ,
ಹೆಸರು ಮಾತ್ರ ಅಂಗಿ ಬದಲಿಸುತ್ತದೆ.
ಮೇಲಿನ ಮಿಲಿಲೀಟರ್ ಕೆಳಗಿನದನ್ನು ಹೊಡೆಯುತ್ತದೆ,
ಉಳಿದದ್ದು ಉತ್ತರ.

ಅಷ್ಟರಲ್ಲಿ ಆಯಿ ಗಿರಾಕಿಗೆ ಅಳೆಯತೊಡಗಿದಳು:
'ಲಾಭ…
ಎರಡು…
ಮೂರು…'

ಜಗದೇವಿ ನನ್ನ ಕಾಗದ ನೋಡಿದಳು,
ಆಯಿಯ ಬಾಯಿ ನೋಡಿದಳು.
'ಸರ, ನೀವು ಒಂದು ಅಂತೀರಿ,
ಅಕಿ ಲಾಭ ಅಂತಾಳ.
ಯಾವುದರಿಂದ ಗುಣಿಸ್ಲಿ?'

ನನಗೆ ಉತ್ತರ ಹೊಳೆಯಲಿಲ್ಲ.
ನನ್ನ ಚೀಲಕ್ಕೆ ಎರಡು ಸೇರು ಬಿತ್ತು,
ಮೇಲೊಂದು ಹಿಡಿ ಕೊಸರು.
ಕೊಸರಿಗೆ ಯಾವ ಯುನಿಟ್ಟು
ಯಾವ ಟೇಬಲ್ಲಿನಲ್ಲೂ ಓದಿದ ನೆನಪಿಲ್ಲ.

ಮುಂದಿನ ಟೆಸ್ಟಿನಲ್ಲಿ ಅದೇ ಲೆಕ್ಕ ಕೊಟ್ಟೆ.
0.4 ಮೋಲ್ ಪ್ರತಿ ಲೀಟರಿಗೆ, ಗುಂಡು ಅಕ್ಷರ.
ಭಿನ್ನದ ಪಕ್ಕ, ಅಂಚಿನಲ್ಲಿ,
ಪೆನ್ಸಿಲ್ಲಿನಲ್ಲಿ ಸಣ್ಣದಾಗಿ: = ಲಾಭ.

ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ.

ಈಗ ಪ್ರಿನ್ಸಿಪಾಲ್ ಕಮಲಾಕರರಾವ್
ಅಂಕಪಟ್ಟಿ ಹಿಡಿದು ಕೇಳುತ್ತಿದ್ದಾರೆ,
ಐದಕ್ಕೆ ಐದೂವರೆ ಹೆಂಗ್ ಬಂತ್ರೀ?