ಹದಿನೇಳನೇ ಕೋಲು

ಬೆಟ್ಟಕ್ಕೆ ನಿನ್ನೆ ರಾತ್ರಿ ಮತ್ತೆ ಕೆಮ್ಮು.
ಬೆಳಗ್ಗೆ ತಗಡಿನ ಮೇಲೆ ಎರಡು ಬೆರಳು ಬೂದಿ,
ಕೋಳಿಗಳೆಲ್ಲ ಒಂದೇ ಬಣ್ಣ.
ಗೇಟಿಗೆ ನಿಕನೋರ್ ಹಳದಿ ಪಟ್ಟಿ ಕಟ್ಟುತ್ತಿದ್ದಾನೆ.
ನನ್ನ ನಾದಿನಿಯ ಗಂಡ, ಮೊನ್ನೆ ಮೊನ್ನೆಯವರೆಗೆ
ಇದೇ ಗೇಟಿನಲ್ಲಿ ಕೂಗಿ ಕೂಗಿ ಜನ ಕರೆದವನು;
ಈಗ ಸರ್ಕಾರದ ಟೋಪಿ, ಕತ್ತು ನೆಟ್ಟಗೆ.
"ಎಷ್ಟು ದಿನ?" ಅಂದೆ.
"ಬೆಟ್ಟವನ್ನೇ ಕೇಳು, ಎರ್ಮೆಲಿಂದಾ,
ನನಗೆ ಬಂದದ್ದು ಬರೀ ಕಾಗದ."

ಗೋಡೆಗೊರಗಿ ನಿಂತಿವೆ ನಲವತ್ತೊಂದು ಕೋಲು,
ಹಿಡಿಯ ಮೇಲೆ ಕಾದ ಕಬ್ಬಿಣದಲ್ಲಿ ಬರೆದ ನಂಬರು.
ಕೋಲಿಗೆ ಐದು ಕೆಟ್ಸಾಲ್, ಹತ್ತುವುದಕ್ಕೂ ಇಳಿಯುವುದಕ್ಕೂ ಸೇರಿ.
ಕುದುರೆಯ ಹೆಸರು ಟ್ಯಾಕ್ಸಿ.
ಜೀನು ಕಳಚಿದ್ದು ತಿಳಿಯದೆ
ಬಸ್ಸಿನ ಸದ್ದಿಗೆ ಇನ್ನೂ ಕಿವಿ ನಿಮಿರಿಸುತ್ತದೆ.
ಬಸ್ಸಲ್ಲ, ಹಾಲಿನ ವ್ಯಾನು.

ಒಲೆಯ ಮುಂದೆ ಅಮ್ಮ ಹೇಳಿಕೊಟ್ಟ ಮಾತು:
ಹಂಚು ಕಾಯಬೇಕು, ಕೆಂಪಾಗಬಾರದು.
ಬೆಟ್ಟ ಸುಮ್ಮನಿದ್ದ ವರ್ಷ
ಬಂದವರು ಮುಖ ಸಿಂಡರಿಸಿದರು:
"ಇಷ್ಟು ದೂರ ಬಂದದ್ದು ಈ ಕಲ್ಲು ನೋಡಲಿಕ್ಕಾ?"
ತುಸು ಹೊಗೆ, ತುಸು ಕೆಂಡ,
ಕಡ್ಡಿಗೆ ಸಿಕ್ಕಿಸಿದ ಮಿಠಾಯಿ ಕಂದುವಷ್ಟು ಬಿಸಿ,
ಅಷ್ಟಿದ್ದರೆ ಮಗಳಿಗೆ ಶಾಲೆಯ ಬೂಟು.
ಒಂದು ಹಿಡಿ ಹೆಚ್ಚಾದರೆ ಹಳದಿ ಪಟ್ಟಿ.

ಮಧ್ಯಾಹ್ನ ಒಬ್ಬ ಬಂದ. ದೊಡ್ಡ ಕ್ಯಾಮೆರಾ.
ಮುಚ್ಚಿದ ಗೇಟಿನ ಬೋರ್ಡಿಗೂ ಒಂದು ಫೋಟೊ.
ಆಮೇಲೆ ದನಿ ಇಳಿಸಿ,
"ಹಿಂದಿನಿಂದ ಒಂದು ದಾರಿ ಇದೆಯಂತಲ್ಲ?"
ಅಂಗೈಯಲ್ಲಿ ಮಡಿಚಿದ ನೂರರ ನೋಟು, ಎರಡೋ ಮೂರೋ.

ಇದೆ.
ಕಾಫಿ ಗಿಡಗಳ ನಡುವೆ, ಒಡೆದ ತೊಟ್ಟಿಯ ಪಕ್ಕ.
ನನ್ನ ತಮ್ಮ ಎಲಿಸೆಯೊ ಕಣ್ಣು ಮುಚ್ಚಿ ನಡೆಯುತ್ತಿದ್ದ ದಾರಿ.
ಹದಿನೇಳನೇ ಕೋಲು ಅವನದು.
ಈಗ ಹದಿನಾರಾದ ಮೇಲೆ ಹದಿನೆಂಟು ನಿಂತಿದೆ,
ನಡುವೆ ಒಂದು ಕೋಲಿನಷ್ಟು ಗೋಡೆ.

ನಾನೇನೂ ಹೇಳಲಿಲ್ಲ.
ನಿಕನೋರ್ ನೋಡಿಯೂ ನೋಡದ ಹಾಗೆ
ಗಂಟಿನ ಮೇಲೊಂದು ಗಂಟು ಹಾಕುತ್ತಿದ್ದ.
ಇಪ್ಪತ್ತಮೂರನ್ನು ಆ ಮನುಷ್ಯನ ಕೈಗಿಟ್ಟೆ:
"ಐದು ಕೆಟ್ಸಾಲ್. ಪಟ್ಟಿಯವರೆಗೆ ಹೋಗಿ ಬನ್ನಿ."

ನಕ್ಕ. ಆದರೂ ಹೋದ.
ಮೂವತ್ತು ಹೆಜ್ಜೆ, ಏರೇ ಇಲ್ಲದ ನೆಲ,
ಬೂದಿಯಲ್ಲಿ ಕೋಲಿನ ಸಣ್ಣ ಸಣ್ಣ ಗುಳಿ.
ಮೋಡ ಸರಿಯಬಹುದೆಂದು ಪಟ್ಟಿಯ ಹತ್ತಿರ
ತುಂಬ ಹೊತ್ತು ನಿಂತ.
ಸರಿಯಲಿಲ್ಲ.
ಒಳಗೆಲ್ಲೋ ಭಾರದ ಕಪಾಟು ಎಳೆದಂಥ ಸದ್ದು ಮಾತ್ರ.

ಕೋಲು ವಾಪಸು ಕೊಟ್ಟ. ತುದಿ ಒರೆಸಿ
ಅದರ ಜಾಗದಲ್ಲಿ ಒರಗಿಸಿದೆ.
ಟ್ಯಾಕ್ಸಿಗೆ ಹುಲ್ಲು ಹಾಕಬೇಕು.
ಹುಲ್ಲಿನ ಬೂದಿ ಕೊಡವಬೇಕು, ಮೊದಲು.