ಒಂದಾಣೆ ಹೊಂದಲಿಲ್ಲ

ಅಂಗಡಿ ಮಾರುವ ಮುಂಚೆ ಹಳೆಯ ಕಿರ್ದಿಗಳನ್ನೆಲ್ಲ
ರದ್ದಿಗೆ ಹಾಕಿಸಲೆಂದು ಕರೆದಿದ್ದರು ನನ್ನ.
ಗದಗಿನ ಹತ್ತಿ ಪೇಟೆ, ನುಸಿ ತಿಂದ ಕೆಂಪು ರಟ್ಟು.
ಮಾಲಕರ ಮೊಮ್ಮಗ ಬೆಳಿಗ್ಗೆಯೇ ತೂಗಿಟ್ಟಿದ್ದ:
ನಲವತ್ತೊಂದು ಕಿಲೋ, ಬರೀ ಲೆಕ್ಕ.

ನಾನೂ ಲೆಕ್ಕ ಬರೆದು ಉಂಡವನು.
ಒಂದನ್ನು ತೆರೆದೆ. ಅದೇ ತಪ್ಪಾಯಿತು.

ಮೇಲೆ ಶ್ರೀಕಾರ. ಕೆಳಗೆ
ಅಣ್ಣಿಗೇರಿ ಗಾಡಿ ಹನ್ನೆರಡು, ಅಂಡಿಗೆ ಇಂತಿಷ್ಟು,
ಹಸಿ ಇದೆಯೆಂದು ಕಡಿತ, ಹಮಾಲಿ,
ಆಮೇಲೆ ಅಂಡಿಗೆಗೆ ಮೂರು ಪೈಯಂತೆ ಧರ್ಮಾದಾಯ;
ಕೊಟ್ಟವನನ್ನು ಯಾರೂ ಕೇಳದ ಧರ್ಮ.

ಆ ಮೂರು ಮೂರು ಪೈ ಕೂಡಿ ಕೂಡಿ
ಎಲ್ಲಿಗೆ ಹೋದವು? ಪುಟ ತಿರುವಿದೆ.
ದನಗಳಿಗೆ ಕಲ್ಲಿನ ದೋಣಿ, ಕಡೆದ ದುರಗಪ್ಪನ ಕೂಲಿ,
ಸ್ಟೇಷನ್ ರಸ್ತೆಗೆ ಖಡಿ, ನಾಲ್ಕು ಕಂದೀಲ ಕಂಬ,
ಎಣ್ಣೆ ಸುರಿಯುವವನಿಗೆ ಒಂದು ಏಣಿ.
ಏಣಿ ಕಳುವಾಯಿತು. ಇನ್ನೊಂದು ಏಣಿ.

ದೋಣಿ ಈಗಲೂ ಇದೆ, ಬರುವಾಗ ನೋಡಿದ್ದೆ.
ಎಗ್ ರೈಸ್ ಗಾಡಿಯವನು
ಅದರೊಳಗೆ ಸಿಲಿಂಡರ್ ಇಡುತ್ತಾನೆ.

ಮುಂದೆ 'ಜಂಗಿ ಕುಸ್ತಿ ಬಾಬತ್ತು':
ಕೆಮ್ಮಣ್ಣು ಆರು ಗಾಡಿ, ಮಜ್ಜಿಗೆ ಎಂಟು ಕೊಡ,
ಅರಿಷಿಣ, ಒಳ್ಳೆಣ್ಣೆ, ಹಲಗಿಯವರಿಗೆ ಊಟ.
ಗೆದ್ದ ಮಿರಜದವನಿಗೆ ಬೆಳ್ಳಿ ಕಡಗ, ಜರಿ ರುಮಾಲು;
ಅವನ ಹೆಸರಿಗೆ ಎರಡು ಸಲ ಶಾಯಿ ಅದ್ದಿದ್ದಾರೆ.
ಸೋತವನಿಗೆ ಹೆಸರಿಲ್ಲ.
'ಬೆಟಗೇರಿ ಹುಡುಗ, ಭುಜ ಜಾರಿದ್ದಕ್ಕೆ
ಎಲುಬು ಕೂಡಿಸುವವನಿಗೆ ಎಂಟಾಣೆ, ಹಾಲು ಎರಡು ಸೇರು.'
ಹಾಲು ಮರುದಿನವೂ ಇದೆ. ಅದರ ಮರುದಿನವೂ.
ಹದಿನೇಳು ದಿನ, ಧರ್ಮಾದಾಯದಿಂದ,
ಅಂದರೆ ಅಣ್ಣಿಗೇರಿಯ ಹತ್ತಿಯಿಂದ.

ಅದೇ ಪುಟದ ಅಡಿಯಲ್ಲಿ, ಅಂಚಿಗೆ ಒತ್ತಿ,
ಗುಮಾಸ್ತ ಗುರುಪಾದಪ್ಪ ಮುದೇನೂರನ ಸಣ್ಣಕ್ಷರ:
'ಶಿಲ್ಕಿನಲ್ಲಿ ಒಂದಾಣೆ ಹೊಂದಲಿಲ್ಲ. ಮುಂದೆ ಒಯ್ದಿದೆ.'

ಒಯ್ದಿದ್ದಾನೆ, ನಿಜ. ದೀಪಾವಳಿಯ ಹೊಸ ಕಿರ್ದಿಗೆ,
ಯುದ್ಧದ ವರ್ಷಗಳಿಗೆ, ಹತ್ತಿ ಬಿದ್ದ ವರ್ಷಕ್ಕೆ,
ಮಾಲಕರು ತೀರಿಕೊಂಡು ಮಗ ಗಾದಿಗೆ ಕೂತ ವರ್ಷಕ್ಕೆ,
ಒಂಬತ್ತು ಪುಸ್ತಕ ಹೊತ್ತು ತಿರುಗಿದ್ದಾನೆ ಆ ಒಂದಾಣೆಯನ್ನು.
ತೀರಿಸಲು ಕಿಸೆಯಲ್ಲಿ ಇರಲಿಲ್ಲವೆ? ಇದ್ದೀತು.
ತೀರಿಸಿದರೆ ಯಾಕೆಂದು ಬರೆಯಬೇಕಿತ್ತು.

ಕುಸ್ತಿಯ ಜಮೆ ಪುಟಕ್ಕೆ ಹಿಂದಿರುಗಿದೆ.
ಖುರ್ಚಿಗೆ ಒಂದು ರೂಪಾಯಿ, ಜಮಖಾನೆಗೆ ನಾಲ್ಕಾಣೆ,
ಜಿನ್ನಿನ ಗೋಡೆ ಹತ್ತಿ ಕೂರುವವರಿಗೆ
ಒಂದಾಣೆ.

ಐವತ್ತು ದಾಟಿದ ಮನುಷ್ಯ, ಕರೀ ಟೊಪಿಗಿ,
ಕಿವಿಗೆ ಸಿಕ್ಕಿಸಿದ ಲೆಕ್ಕಣಿಕೆ,
ಗೋಡೆ ಹತ್ತಿದ್ದಾನೆ.

"ಏನ್ರೀ, ತಕ್ಕಡಿಗೆ ಇಡ್ತೀರೋ ಇಲ್ಲೋ?" ರದ್ದಿಯವ ಕೂಗಿದ.
ಇಟ್ಟೆ. ನಲವತ್ತೇ ಬಂತು.
"ಒಂದು ಕಿಲೋ ಎಲ್ಲಿ?"
ಮುಂದೆ ಒಯ್ದಿದೆ, ಅಂದೆ.